ನಾಲ್ಕು ಕೊಂಬಿನ ನೆಂಟಸ್ತಿಕೆ

ನಮ್ಮೂರಿನಲ್ಲಿ ಹೆಣ್ಣು ನೋಡಲು ಬರುವವರು ಜಾತಕ ಕೇಳುವುದು ಆಮೇಲೆ. ಮೊದಲು ಕೇಳುವುದು, ನಿಮ್ಮ ಮನೆಯ ರೂಟರ್ ಎಷ್ಟು ಕೊಂಬಿನದು ಎಂದು. ಯಾಕೆಂದರೆ ಇಲ್ಲಿ ಒಂದು ಮನೆಯ ವೈ-ಫೈ ಎಲ್ಲಿಯವರೆಗೆ ಸಿಗುತ್ತದೋ ಅಲ್ಲಿಯವರೆಗೂ ಅದೇ ಮನೆ. ಆ ಸಿಗ್ನಲ್ಲಿನೊಳಗೆ ಯಾರ ದಿಂಬು ಬಿತ್ತೋ ಅವರು ಮನೆಯವರು. ಹಬ್ಬಕ್ಕೆ ಅವರಿಗೂ ಎಲೆ ಹಾಕಬೇಕು, ಜ್ವರ ಬಂದರೆ ಗಂಜಿ ಕೊಂಡೊಯ್ಯಬೇಕು, ಸತ್ತರೆ ಸೂತಕ ಹಿಡಿಯಬೇಕು. ಈ ಕಟ್ಟಳೆ ಯಾರು ಮಾಡಿದ್ದು ಎಂದು ನಾನು ಕೇಳಲಿಲ್ಲ. ನಾನು ಈ ಊರಿಗೆ ಸೊಸೆಯಾಗಿ ಬಂದವಳು. ಸೊಸೆಯಾಗಿ ಬಂದವಳು ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ ಎಂದು ಕೇಳಿಕೊಂಡರೆ ಸಾಕು, ಉಳಿದದ್ದು ತಾನಾಗಿ ತಿಳಿಯುತ್ತದೆ.

ನಮ್ಮದು ಬೀರು ಅಂಗಡಿ. ಬೇರೆ ಊರುಗಳಲ್ಲಿ ಬೀರು ಕೊಳ್ಳುವುದು ಸೀರೆ, ಒಡವೆ ಇಡುವುದಕ್ಕೆ. ಇಲ್ಲಿ ಕೊಳ್ಳುವುದು ನೆಂಟರನ್ನು ತಡೆಯುವುದಕ್ಕೆ. ಕಬ್ಬಿಣದ ಬೀರುವನ್ನು ಗೋಡೆಗೆ ಒತ್ತಿ ನಿಲ್ಲಿಸಿದರೆ ಅದರಾಚೆ ಸಿಗ್ನಲ್ ಹೋಗುವುದಿಲ್ಲ, ಪಕ್ಕದ ಮನೆಯ ತಮ್ಮ ಅಲ್ಲಿಗೆ ತಮ್ಮನಲ್ಲ. ಗಿರಾಕಿ ಬಂದರೆ ನಾನು ಬಣ್ಣ ಕೇಳುವುದಿಲ್ಲ, ‘ಯಾವ ಕಡೆ ಗೋಡೆಗೆ?’ ಎಂದು ಕೇಳುತ್ತೇನೆ. ಅವರು ತಲೆ ತಗ್ಗಿಸಿ ‘ಅಣ್ಣನ ಕಡೆಗೆ’ ಎಂದರೆ ಒಂದು ಲೋಟ ನೀರು ಕೊಟ್ಟು, ಹಬ್ಬ ಕಳೆಯಲಿ, ಆಮೇಲೆ ಬನ್ನಿ ಅನ್ನುತ್ತೇನೆ. ಎಷ್ಟೋ ಜನ ಮತ್ತೆ ಬರುವುದಿಲ್ಲ. ವ್ಯಾಪಾರ ಹೋಯಿತು ಎಂದು ನನ್ನ ಯಜಮಾನರು ಗೊಣಗುತ್ತಾರೆ. ಬಂದವರಿಗೆ ಎರಡು ಬಾಗಿಲಿನದನ್ನು ಮಾರಿ ಸರಿದೂಗಿಸುತ್ತೇನೆ.

ರೂಟರ್ ಕೊಳ್ಳುವುದರಲ್ಲೂ ಊರಿನ ಬುದ್ಧಿಯೆಲ್ಲ ಕಾಣುತ್ತದೆ. ಕೈ ಬಿಗಿಯವರು ಒಂಟಿ ಕೊಂಬಿನದು ತರುತ್ತಾರೆ. ಪುರಸಭೆ ಚುನಾವಣೆಗೆ ನಿಲ್ಲುವವರು ಆರು ಕೊಂಬಿನದು ತಂದು ಮಹಡಿಯ ಮೇಲಿಟ್ಟು, ವಾರ್ಡಿಗೆ ವಾರ್ಡನ್ನೇ ಅಣ್ಣತಮ್ಮಂದಿರನ್ನಾಗಿ ಮಾಡಿಕೊಳ್ಳುತ್ತಾರೆ, ಎಣಿಕೆ ಮುಗಿದ ಸಂಜೆ ಪ್ಲಗ್ ಕಿತ್ತುಬಿಡುತ್ತಾರೆ. ಇನ್ನೊಂದು ಮಾತು. ಲೈನಿಗೆ ಇಟ್ಟ ಹೆಸರು ಏನೋ, ನಂಟು ಅದೇ. ಪಾತ್ರೆ ಅಂಗಡಿಯವರು ತಮ್ಮ ಲೈನಿಗೆ ‘ಗೆಸ್ಟ್’ ಎಂದು ಹೆಸರಿಟ್ಟಿದ್ದಾರೆ. ಅವರ ಸಿಗ್ನಲ್ಲಿನೊಳಗೆ ಮಲಗುವವರಿಗೆ ಕಾಫಿ ಸಿಗುತ್ತದೆ, ಊಟ ಇಲ್ಲ.

ನಮ್ಮ ಮನೆಯಲ್ಲಿದ್ದದ್ದು ಒಂಟಿ ಕೊಂಬಿನದೇ. ಅದರ ಸಿಗ್ನಲ್ ಹಜಾರದಿಂದ ಹೊರಟು ಹೊಸಿಲು ಮುಟ್ಟುವಷ್ಟರಲ್ಲಿ ಸುಸ್ತಾಗಿ ಕೂತುಬಿಡುತ್ತಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ನಾವು ಮೂವರೇ. ನಾನು, ಯಜಮಾನರು ಮರಿಯಪ್ಪ, ಮಗಳು ಸುಚಿತ್ರ. ಸುಚಿತ್ರ ಕಂಪ್ಯೂಟರಿನಲ್ಲಿ ದೂರದೂರಿನ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ಭಿನ್ನರಾಶಿ ಹೇಳುತ್ತ ಹೇಳುತ್ತ ಪರದೆಯ ಮೇಲೆ ಬಾಯಿ ತೆರೆದಂತೆಯೇ ನಿಂತುಬಿಡುತ್ತಿದ್ದಳು. ಆ ಮಕ್ಕಳು ಅವಳಿಗೆ ‘ಸ್ಟ್ಯಾಚ್ಯೂ ಮಿಸ್’ ಎಂದು ಹೆಸರಿಟ್ಟಿದ್ದರು. ಇನ್ನೊಮ್ಮೆ ಹೀಗೆ ನಿಂತರೆ ನಿಮ್ಮ ಕ್ಲಾಸು ಬೇರೆಯವರಿಗೆ ಕೊಡುತ್ತೇವೆ ಎಂದು ಕಂಪನಿಯವರೂ ಹೇಳಿದ್ದರು.

‘ಹೊಸ ರೂಟರ್ ತರೋಣ ಕಣೇ’ ಎಂದೆ.

‘ಬೇಡಮ್ಮ. ಇದೇ ಸಾಕು.’

‘ಎಲ್ಲಿ ಸಾಕು? ನಿನ್ನೆ ಬಾಯಿ ಬಿಟ್ಕೊಂಡು ನಿಂತಿದ್ದಾಗ ಆ ಮಕ್ಕಳು ನಿನ್ನ ಹುಳುಕು ಹಲ್ಲೆಲ್ಲ ಎಣಿಸಿದವಂತೆ.’

‘ಎಣಿಸಲಿ ಬಿಡು. ಲೆಕ್ಕ ಕಲಿತ ಹಾಗಾಯ್ತು.’

ಅಂಗಡಿಯಲ್ಲಿ ಕೂತವಳಿಗೆ ಒಂದು ವಿಷಯ ಗೊತ್ತಿರುತ್ತದೆ. ಯಾರಿಗೆ ಒಂದು ಸಾಮಾನು ತೀರಾ ಬೇಕೋ ಅವರೇ ಅದು ಬೇಡ ಎಂದರೆ, ಬೇಡದ್ದು ಆ ಸಾಮಾನಲ್ಲ. ಅಡುಗೆಮನೆಯಲ್ಲಿ ಡಬ್ಬದ ತುಂಬ ಬೆಣ್ಣೆ ಬಿಸ್ಕತ್ತು ಇತ್ತು, ನಮ್ಮ ಮನೆಯಲ್ಲಿ ಯಾರೂ ಬೆಣ್ಣೆ ಬಿಸ್ಕತ್ತು ತಿನ್ನುವುದಿಲ್ಲ, ಆದರೂ ಡಬ್ಬ ಖಾಲಿಯಾಗುವ ಮೊದಲೇ ಹೊಸ ಪೊಟ್ಟಣ ಬರುತ್ತಿತ್ತು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ.

ಯಜಮಾನರದು ಮೆದು ಮನಸ್ಸು. ಮಗಳು ಬಾಯಿ ತೆರೆದು ನಿಲ್ಲುವುದನ್ನು ನೋಡಲಾರದೆ, ಯಾರಿಗೂ ಹೇಳದೆ, ಒಂದು ಸೋಮವಾರ ರೂಟರ್ ಅಂಗಡಿಯ ಇಮ್ತಿಯಾಜನ ಹತ್ತಿರ ಹೋಗಿ ನಾಲ್ಕು ಕೊಂಬಿನದನ್ನು ತಂದರು. ಹೆತ್ತ ಕೂಸನ್ನು ಆಸ್ಪತ್ರೆಯಿಂದ ತರುವ ಹಾಗೆ ಎದೆಗೆ ಒತ್ತಿಕೊಂಡು ತಂದರು.

‘ಕಮ್ಮಿ ಬೆಲೇದೇ ಕಣೆ, ಆದ್ರೂ ನಾಲ್ಕು ಕೊಂಬು! ಬೀದಿ ದಾಟುತ್ತಂತೆ. ಹೆಸರೂ ಹಾಕಿಸ್ಕೊಂಡೇ ಬಂದೆ.’

‘ಏನಂತ?’

‘ಮರಿಯಪ್ಪನ ಮಕ್ಕಳು’ ಎಂದರು ಹೆಮ್ಮೆಯಿಂದ.

ಸುಚಿತ್ರ ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿಂದ ಮೂಗು ಸೀದುವ ಸದ್ದು ಬಂತು. ‘ಖುಷಿಗೆ ಅಳ್ತಿದಾಳೆ’ ಎಂದರು ಯಜಮಾನರು. ಹೌದು ಎಂದು ಹೇಳಿ ಅವರನ್ನು ಕಾಫಿಪುಡಿ ತರಲು ಕಳಿಸಿದೆ.

ನಾನು ಒಳಗೆ ಹೋಗಿ ಹಾಸಿಗೆಯ ಮೇಲೆ ಕೂತೆ. ಅವಳೇ ಹೇಳಿದಳು. ‘ಅಮ್ಮ, ಅವನ ದಿಂಬು ಬೀದಿ ಕಡೆ ಗೋಡೆಗೇ ಇದೆ.’

‘ಯಾರ ದಿಂಬು?’

‘ಯೋಗಾನಂದಂದು.’

ಯೋಗಾನಂದ ಎದುರುಮನೆಯ ಕಮಲಾಕ್ಷಮ್ಮನ ಮಗ. ಬೇಕರಿಯಲ್ಲಿ ಬಿಸ್ಕತ್ತು ಸುಡುತ್ತಾನೆ. ಒಳ್ಳೆಯ ಹುಡುಗ, ಯಾವಾಗಲೂ ಕೂದಲಲ್ಲಿ ಮೈದಾ.

‘ಅವನ ದಿಂಬು ಎಲ್ಲಿದೆ ಅಂತ ನಿನಗೆ ಹೇಗೆ ಗೊತ್ತೇ?’

‘ಅಮ್ಮಾ! ಕಿಟಕಿಯಿಂದ ಕಾಣುತ್ತೆ.’

ಇನ್ನು ಹೇಳಬೇಕಾದ್ದೇನೂ ಉಳಿಯಲಿಲ್ಲ. ಹೊಸ ರೂಟರಿಗೆ ಶುಕ್ರವಾರ ಕುಂಕುಮ ಹಚ್ಚಿ ಆರತಿ ಎತ್ತುವುದು ನಮ್ಮಲ್ಲಿ ಪದ್ಧತಿ. ಆಮೇಲೆ ಊರಿನ ನಂಟು ತೀರ್ಮಾನಿಸುವ ಹಿರಿಯರು ವೀರಭದ್ರಯ್ಯನವರು ಫೋನು ಹಿಡಿದು ಬೀದಿಗಿಳಿಯುತ್ತಾರೆ. ಫೋನಿನ ಮೇಲಿನ ಕೊನೆಯ ಕಡ್ಡಿ ಎಲ್ಲಿ ಆರಿತೋ ಅಲ್ಲಿ ಸುಣ್ಣದ ಗೆರೆ ಎಳೆಯುತ್ತಾರೆ. ಗೆರೆ ಬಿದ್ದ ಮೇಲೆ ಆ ರೂಟರ್ ಸುಟ್ಟುಹೋಗುವವರೆಗೆ ಹೆಸರು ಬದಲಿಸುವಂತಿಲ್ಲ, ನಂಟನ್ನೂ ಬದಲಿಸುವಂತಿಲ್ಲ. ಶುಕ್ರವಾರ ಆ ಗೆರೆ ಕಮಲಾಕ್ಷಮ್ಮನ ಮನೆಯಾಚೆ ಬಿದ್ದರೆ ಯೋಗಾನಂದ ಮರಿಯಪ್ಪನ ಮಕ್ಕಳಲ್ಲಿ ಒಬ್ಬ, ನನ್ನ ಮಗಳಿಗೆ ಅಣ್ಣ.

‘ಹಳೇದನ್ನೇ ಇಟ್ಕೊಳ್ಳೋಣಮ್ಮ’ ಎಂದಳು. ‘ಕ್ಲಾಸು ಹೋದ್ರೆ ಹೋಗ್ಲಿ.’

‘ಕ್ಲಾಸೂ ಬೇಕು, ಬಿಸ್ಕತ್ತೂ ಬೇಕು. ಒಂದನ್ನ ಬಿಟ್ಟು ಒಂದನ್ನ ಹಿಡಿಯೋದು ಯಾರು ಬೇಕಾದ್ರೂ ಮಾಡ್ತಾರೆ. ಮುಖ ತೊಳ್ಕೊ’ ಎಂದೆ.

ಮಾರನೆಯ ದಿನ ಯೋಗಾನಂದನೇ ಅಂಗಡಿಗೆ ಬಂದ. ಬೀರುಗಳ ನಡುವೆ ಕೈಕಟ್ಟಿ ನಿಂತು, ‘ಆಂಟಿ, ನಾನು ದಿಂಬು ತಗೊಂಡು ಹೋಗಿ ಬೇಕರೀಲೇ ಮಲಗಿಬಿಡ್ತೀನಿ’ ಎಂದ.

‘ಬೇಕರಿ ಯಾರ ಸಿಗ್ನಲ್ಲಿನೊಳಗಿದೆಯೋ?’

‘ಓನರ್‌ದು.’

‘ಅಲ್ಲಿ ಮಲಗಿದ್ರೆ ಅವನಿಗೆ ಮಗ ಆಗ್ತೀಯ. ಮಗನಿಗೆ ಯಾವ ಓನರ್ ಸಂಬಳ ಕೊಡ್ತಾನೆ?’

ಹುಡುಗ ಇದನ್ನು ಯೋಚಿಸಿರಲಿಲ್ಲ. ಬಾಯಿ ತೆರೆದು ನಿಂತ. ಇಬ್ಬರ ಜೋಡಿ ಚೆನ್ನಾಗಿದೆ ಅನ್ನಿಸಿತು.

ನನಗೆ ಗೊತ್ತಿದ್ದ ಉಪಾಯ ಒಂದೇ. ಬುಧವಾರ ಹಮಾಲರನ್ನು ಕರೆದು, ಅಂಗಡಿಯಲ್ಲಿದ್ದ ಅತಿ ದೊಡ್ಡ ಬೀರುವನ್ನು ಹೊರಿಸಿಕೊಂಡು ಬಂದು, ಹಜಾರದ ಬೀದಿ ಕಡೆ ಗೋಡೆಗೆ ನಿಲ್ಲಿಸಲು ಹೇಳಿದೆ. ಅದು ಹೊಸಿಲು ದಾಟುವ ಮೊದಲೇ ಕಮಲಾಕ್ಷಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಬೀದಿ ದಾಟಿ ಬಂದರು.

‘ಏನ್ ದೇವೀರಮ್ಮ, ನನ್ನ ಕಡೆ ಗೋಡೆಗೇ ಬೀರುವಾ?’

‘ಸೀರೆ ಇಡಕ್ಕೆ ಕಣ್ರೀ.’

‘ಹಜಾರದಲ್ಲಿ ಸೀರೆ ಇಡೋರನ್ನ ಇವತ್ತೇ ನೋಡಿದ್ದು. ನನ್ನ ಮೈದುನನೂ ಸೀರೆ ಇಡಕ್ಕೇ ಅಂದಿದ್ದ. ಅದೂ ನಿನ್ನ ಅಂಗಡೀದೇ. ಅವನಿಗೆ ಹೆಂಡತಿಯೇ ಇಲ್ಲ!’

ಹಮಾಲರು ನಕ್ಕರು. ನನಗೂ ನಗು ಬಂತು, ತಡೆದುಕೊಂಡೆ. ಆದರೆ ಕಮಲಾಕ್ಷಮ್ಮ ಜಗಳ ಮುಂದುವರಿಸಲಿಲ್ಲ. ಜಗಲಿಯ ಮೇಲೆ ಕೂತುಬಿಟ್ಟರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದರು. ‘ಹೋದ ಬೇಸಿಗೇಲಿ ಕಾಲು ಉಳುಕಿತ್ತಲ್ಲ, ಯೋಗ ಬೇಕರಿಗೆ ಹೋಗಿದ್ದ. ಬೀದಿ ಕೊನೆವರೆಗೂ ಕುಂಟ್ಕೊಂಡು ಹೋಗಿ ನಾನೇ ಹಾಲು ತಂದೆ. ಎಲ್ಲರೂ ಬಾಗಿಲಲ್ಲಿ ನಿಂತು ಅಯ್ಯೋ ಪಾಪ ಅಂದ್ರು. ಯಾರೂ ಕೆಟ್ಟೋರಲ್ಲ. ನಾನು ಯಾರ ಗೆರೆಯೊಳಗೂ ಇಲ್ಲ, ಅಷ್ಟೆ. ನಿಮ್ಮನೆಗೆ ನಾಲ್ಕು ಕೊಂಬಿಂದು ಬಂತು ಅಂತ ಕೇಳಿ ಶುಕ್ರವಾರಕ್ಕೆ ಒಬ್ಬಟ್ಟು ಮಾಡೋಣ ಅಂತ ಬೇಳೆ ತಂದಿಟ್ಟಿದ್ದೀನಿ. ಸುಚಿತ್ರ ನನಗೂ ಮಗಳ ಹಾಗೇ ಆಗ್ತಾಳೆ ಅಂತ ಇವನಿಗೂ ಹೇಳಿದೆ. ಪೆದ್ದ, ಊಟ ಬಿಟ್ಟು ಎದ್ದುಹೋದ.’

ಯಾಕೆ ಎದ್ದುಹೋದ ಎಂದು ಆ ತಾಯಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಹೇಳಲಿಲ್ಲ. ಹೇಳಿದರೆ ಮಗನಿಗಾಗಿ ಆಕೆ ಒಬ್ಬಟ್ಟಿನ ಬೇಳೆಯನ್ನು ಸಾರಿಗೆ ಹಾಕಿಬಿಡುತ್ತಿದ್ದರು, ಮತ್ತೆ ಗೆರೆಯ ಆಚೆಯೇ ಉಳಿಯುತ್ತಿದ್ದರು.

‘ಇದನ್ನ ವಾಪಸ್ ಹೊತ್ಕೊಂಡು ಹೋಗ್ರಪ್ಪ’ ಎಂದೆ ಹಮಾಲರಿಗೆ.

‘ಅಕ್ಕ, ಈಗಷ್ಟೇ ಇಳಿಸಿದ್ವಲ್ಲ!’

‘ಬಣ್ಣ ಸರಿಯಿಲ್ಲ’ ಎಂದೆ. ಇಷ್ಟು ವರ್ಷದಲ್ಲಿ ನಾನು ಬಣ್ಣದ ಮಾತೆತ್ತಿದ್ದು ಅದೊಂದೇ ಸಲ.

ಅಲ್ಲಿಂದ ನೇರ ಇಮ್ತಿಯಾಜನ ಅಂಗಡಿಗೆ ಹೋದೆ. ‘ನಮ್ಮೆಜಮಾನ್ರು ತಗೊಂಡುಹೋದ್ರಲ್ಲ, ಆ ರೂಟರ್ ಹೇಗಪ್ಪ ಕೆಲಸ ಮಾಡೋದು? ನನಗೆ ಅರ್ಥ ಆಗೋ ಹಾಗೆ ಹೇಳು’ ಎಂದೆ.

‘ಬಹಳ ಒಳ್ಳೆ ಪೀಸಮ್ಮ ಅದು. ಅದ್ರೊಳಗೆ ಎರಡು ಲೈನ್ ಇದೆ. ಒಂದು ಬಲು ಜೋರು, ಆದ್ರೆ ಗೋಡೆ ಕಂಡ್ರೆ ನಿಂತುಬಿಡುತ್ತೆ. ಇನ್ನೊಂದು ನಿಧಾನ, ಆದ್ರೆ ಗೋಡೆಗೀಡೆ ನೋಡಲ್ಲ, ತೂರ್ಕೊಂಡು ಬೀದಿ ದಾಟುತ್ತೆ. ಮರಿಯಣ್ಣನಿಗೆ ಗೊಂದಲ ಆಗಬಾರದು ಅಂತ ಎರಡನ್ನೂ ಒಂದೇ ಹೆಸರಲ್ಲಿ ಕಟ್ಟಿಕೊಟ್ಟಿದ್ದೀನಿ.’

‘ಕಟ್ಟಿದ್ದನ್ನ ಬಿಚ್ಚಕ್ಕಾಗುತ್ತಾ?’

‘ಯಾಕಾಗಲ್ಲ? ಎರಡಕ್ಕೂ ಬೇರೆ ಬೇರೆ ಹೆಸರಿಟ್ರೆ ಬೇರೆ ಆಗ್ತವೆ.’

ಅಂಗಡಿಯ ಸ್ಟೂಲಿನ ಮೇಲೆ ಕೂತೆ. ನಮ್ಮ ತವರು ನೆನಪಾಯಿತು. ಜೋರಾಗಿ ಮಾತಾಡುತ್ತ, ಜೋರಾಗಿ ಜಗಳವಾಡುತ್ತ, ನಾಲ್ಕು ಗೋಡೆಯೊಳಗೇ ಓಡಾಡಿಕೊಂಡಿದ್ದವರು ನಾವು ಒಡಹುಟ್ಟಿದವರು. ಗೋಡೆ ದಾಟಿ, ಬೀದಿ ದಾಟಿ, ನಿಧಾನವಾಗಿಯಾದರೂ ಬಂದೇ ಬರುತ್ತಿದ್ದವಳು ಒಬ್ಬಳೇ, ಮದುವೆಯಾಗಿ ಹೋದ ಅಪ್ಪನ ತಂಗಿ. ಅವಳ ಮಗನ ಜೊತೆಗೇ ನನ್ನ ಅಕ್ಕನ ಮದುವೆಯಾದದ್ದು. ಸೋದರತ್ತೆಯ ಮಗ ಎಂದರೆ ವರಸೆಯಾದವನು, ಯಾರು ತಾನೆ ಬೇಡ ಅನ್ನುತ್ತಾರೆ?

‘ಜೋರಿನ ಲೈನಿಗೆ ಮರಿಯಪ್ಪನ ಮಕ್ಕಳು ಅಂತಲೇ ಇರಲಿ’ ಎಂದೆ. ‘ನಿಧಾನದ್ದಕ್ಕೆ ಮರಿಯಪ್ಪನ ತಂಗಿ ಅಂತ ಹಾಕಿಕೊಡು.’

ಇಮ್ತಿಯಾಜ್ ಕತ್ತೆತ್ತಿದ. ‘ಮರಿಯಣ್ಣನಿಗೆ ತಂಗಿ ಎಲ್ಲಿದ್ದಾಳಮ್ಮ?’

‘ಶುಕ್ರವಾರ ಹುಟ್ಟುತ್ತಾಳೆ.’

ಶುಕ್ರವಾರ ರೂಟರಿನ ನಾಲ್ಕೂ ಕೊಂಬಿಗೆ ಅರಿಸಿನ ಕುಂಕುಮ ಹಚ್ಚಿ, ಒಂದೊಂದು ಕೊಂಬಿಗೆ ಒಂದೊಂದು ಮೊಳ ಹೂವು ಸುತ್ತಿದೆವು. ಯಜಮಾನರು ಸಂಭ್ರಮದಲ್ಲಿ ಮನೆಯ ಬಾಗಿಲು, ಕಿಟಕಿ ಎಲ್ಲ ತೆರೆದಿಟ್ಟಿದ್ದರು. ವೀರಭದ್ರಯ್ಯನವರು ಶಲ್ಯ ಹೊದ್ದು ಬಂದು, ಫೋನನ್ನು ದೀಪದ ಹಾಗೆ ಅಂಗೈಯಲ್ಲಿಟ್ಟುಕೊಂಡು ಹೆಸರು ಓದಿದರು.

‘ಏನಿದು, ಎರಡೆರಡು ಹೆಸರು? ತಂಗಿ ಅಂತಿದೆಯಲ್ಲ?’

‘ರೂಟರಿನೊಳಗೆ ಎರಡು ಲೈನು, ಹಾಗಾಗಿ ಎರಡು ನಂಟು’ ಎಂದೆ. ಯಜಮಾನರು ನನ್ನ ಮುಖ ನೋಡಿದರು. ಅವರಿಗೆ ಮೊದಲೇ ಹೇಳಿರಲಿಲ್ಲ. ಹೇಳಿದ್ದರೆ ಬುಧವಾರವೇ ಊರಿಗೆಲ್ಲ ಗೊತ್ತಾಗುತ್ತಿತ್ತು.

ವೀರಭದ್ರಯ್ಯನವರು ಬೀದಿಗಿಳಿದರು. ಸುಣ್ಣದ ಬೋಗುಣಿ ಹಿಡಿದು ನಾನು ಹಿಂದೆ. ಕಮಲಾಕ್ಷಮ್ಮ ರೇಷ್ಮೆ ಸೀರೆ ಉಟ್ಟು ತಮ್ಮ ಬಾಗಿಲಲ್ಲೇ ನಿಂತಿದ್ದರು. ಕೈಗೆ ಹೂರಣ ಮೆತ್ತಿತ್ತು. ಒಳಗೆ ಯೋಗಾನಂದ ಗೋಡೆಗೆ ಒರಗಿದ್ದ. ಅವನ ದಿಂಬಿನ ಮೇಲೆ ಫೋನು ಇಟ್ಟು ವೀರಭದ್ರಯ್ಯನವರು ಬಗ್ಗಿ ನೋಡಿದರು.

‘ಮರಿಯಪ್ಪನ ತಂಗಿ, ಎರಡು ಕಡ್ಡಿ’ ಎಂದರು. ಕಮಲಾಕ್ಷಮ್ಮ ಕಣ್ಣಿಗೆ ಸೆರಗು ಒತ್ತಿಕೊಂಡರು. ಅಷ್ಟರಲ್ಲಿ ವೀರಭದ್ರಯ್ಯನವರು ಹುಬ್ಬು ಗಂಟಿಕ್ಕಿ, ‘ತಡೀರಿ, ಇನ್ನೊಂದೂ ಬರ್ತಿದೆ. ಮರಿಯಪ್ಪನ ಮಕ್ಕಳು, ಒಂದು ಕಡ್ಡಿ’ ಎಂದರು.

ಯೋಗಾನಂದನ ಮುಖ ಅವನ ಮೈದಾಗಿಂತ ಬೆಳ್ಳಗಾಯಿತು. ಗೋಡೆ ಕಂಡರೆ ನಿಲ್ಲುವ ಲೈನು ಇಲ್ಲಿಗೆ ಹೇಗೆ ಬಂತು? ತಿರುಗಿ ನೋಡಿದರೆ ನಮ್ಮ ಮನೆ ಪೂರಾ ತೆರೆದಿತ್ತು. ಗೋಡೆಯಿಲ್ಲದ ಕಡೆಯಿಂದ ಬರುತ್ತಿತ್ತು.

‘ರೀ! ಬಾಗಿಲು ಹಾಕ್ರೀ!’ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ.

‘ಶುಭಕಾರ್ಯದಲ್ಲಿ ಬಾಗಿಲು ಹಾಕ್ತಾರೇನೇ?’

‘ಹಾಕ್ರೀ ಅಂದ್ರೆ!’

ಅವರು ಬಾಗಿಲು ಹಾಕಿದರು. ಕಡ್ಡಿ ಒಂದು ಸಲ ಮಂಕಾಯಿತು, ಮತ್ತೆ ಬಂತು. ಆಗ ಸುಚಿತ್ರಳ ಕಿಟಕಿ ಕಂಡಿತು. ಅವಳು ಅದರ ಹಿಂದೆಯೇ ನಿಂತಿದ್ದಳು. ನಾನು ಕೂಗಲಿಲ್ಲ. ಅವಳೇ ಅರ್ಥ ಮಾಡಿಕೊಂಡು, ಇಷ್ಟು ದಿನ ಆ ದಿಂಬನ್ನು ನೋಡುತ್ತಿದ್ದ ಕಿಟಕಿಯ ಎರಡೂ ರೆಕ್ಕೆ ಎಳೆದು ಚಿಲಕ ಹಾಕಿದಳು.

‘ಹೋಯ್ತು’ ಎಂದರು ವೀರಭದ್ರಯ್ಯನವರು. ‘ಮಕ್ಕಳ ಲೈನ್ ಇಲ್ಲ. ತಂಗಿ ಮಾತ್ರ.’ ಆಮೇಲೆ ತಲೆ ಕೆರೆದುಕೊಂಡರು. ‘ಅದೆಲ್ಲ ಸರಿ, ಈ ಹುಡುಗ ತಂಗಿ ಹೇಗಾಗ್ತಾನೆ?’

‘ಹಿರಿಯರ ದಿಂಬಿಗೆ ಹೆಸರು, ಉಳಿದೋರಿಗೆ ಅವರಿಂದ ಬಂದ ನಂಟು ಅಂತ ಪಾತ್ರೆ ಅಂಗಡಿ ಗೆರೆ ಎಳೆದಾಗ ನೀವೇ ತೀರ್ಮಾನ ಕೊಟ್ಟಿರಲಿಲ್ವೇ? ಹಿರಿಯರಿಗೆ ಕಾಫಿ, ಮಕ್ಕಳಿಗೆ ಹಾಲು ಅಂತ?’

ತಮ್ಮ ಹಳೆಯ ತೀರ್ಮಾನವನ್ನು ಯಾರಾದರೂ ನೆನಪಿಟ್ಟುಕೊಂಡರೆ ವೀರಭದ್ರಯ್ಯನವರಿಗೆ ಬಲು ಸಂತೋಷ. ‘ಕೊಟ್ಟಿದ್ದೆ, ಕೊಟ್ಟಿದ್ದೆ. ಹಾಗಾದ್ರೆ ಕಮಲಾಕ್ಷಮ್ಮ ತಂಗಿ, ಹುಡುಗ ತಂಗಿ ಮಗ’ ಎಂದು ಬೀದಿಯ ಆ ಕೊನೆಯವರೆಗೂ ಹೋಗಿ ಗೆರೆ ಎಳೆದುಬಿಟ್ಟರು.

ಕಮಲಾಕ್ಷಮ್ಮ ನನ್ನ ಯಜಮಾನರಿಗಿಂತ ವಯಸ್ಸಿನಲ್ಲಿ ದೊಡ್ಡವರು. ಅಕ್ಕ ಎಂದು ಹಾಕಿಸಿದ್ದರೆ ಆಕೆ ಒಪ್ಪುತ್ತಿದ್ದರೋ ಇಲ್ಲವೋ. ತಂಗಿ ಎಂದದ್ದಕ್ಕೆ ಮುಖ ಅರಳಿತು. ತಂಗಿ, ತಂಗಿ ಎಂದು ಎರಡು ಸಲ ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಮಗನ ಮುಖ ನೋಡಿದರು. ಅವನು ನಮ್ಮ ಮನೆಯ ಮುಚ್ಚಿದ ಕಿಟಕಿಯನ್ನೇ ನೋಡುತ್ತಿದ್ದ. ಅವತ್ತು ಊಟ ಬಿಟ್ಟು ಎದ್ದುಹೋದವನ ಕಥೆ ಆಕೆಗೆ ಆಗ ತಿಳಿಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನನ್ನು ಹಿಂದೆ ಬಿಟ್ಟು ದಾಪುಗಾಲು ಹಾಕುತ್ತ ಬೀದಿ ದಾಟಿದರು.

ನಾನು ಸುಣ್ಣದ ಬೋಗುಣಿ ಹಿಡಿದು ಮನೆ ಮುಟ್ಟುವಷ್ಟರಲ್ಲಿ ಕಮಲಾಕ್ಷಮ್ಮ ನಮ್ಮ ಬಾಗಿಲಿಗೆ ಅಡ್ಡ ನಿಂತಿದ್ದರು. ಎರಡೂ ಕೈ ಬಾಗಿಲುವಾಡದ ಎರಡೂ ಪಕ್ಕಕ್ಕೆ.

‘ಜರುಗ್ರೀ’ ಎಂದೆ.

‘ಜರುಗಲ್ಲ. ನೀನು ಈ ಮನೆಗೆ ಮದುಮಗಳಾಗಿ ಬಂದಾಗ ತಂಗಿಯಾದೋಳು ನಾನು ಹೀಗೆ ಬಾಗಿಲು ತಡೀಬೇಕಿತ್ತು. ಆಗ ನನಗೆ ಸಿಗ್ನಲ್ ಇರಲಿಲ್ಲ. ಈಗ ತಡೀತಿದ್ದೀನಿ. ನಿನಗೆ ಹುಟ್ಟೋ ಮಗಳನ್ನ ನನ್ನ ಮಗನಿಗೆ ಕೊಡ್ತೀನಿ ಅನ್ನು, ಒಳಗೆ ಬಿಡ್ತೀನಿ.’

ಬೀದಿಯೆಲ್ಲ ನೋಡುತ್ತಿತ್ತು. ಹುಟ್ಟಬೇಕಾದ ಮಗಳು ನನಗಿಂತ ಎತ್ತರ ಬೆಳೆದು, ಆಕೆಯ ಬೆನ್ನ ಹಿಂದೆ ಬಾಯಿ ತೆರೆದು ನಿಂತಿದ್ದಳು.

‘ಕೊಟ್ಟೆ’ ಎಂದೆ. ‘ಜರುಗೇ ಮಾರಾಯ್ತಿ, ಒಲೆ ಮೇಲೆ ಹಾಲಿದೆ.’

‘ಮೊದಲನೇ ದಿನವೇ ನಾದಿನಿ ಮೇಲೆ ರೇಗ್ತಾಳೆ ನೋಡಣ್ಣ!’ ಎಂದು ಕಮಲಾಕ್ಷಮ್ಮ ನನ್ನ ಯಜಮಾನರಿಗೆ ದೂರು ಹೇಳಿದರು. ಅವರು ಏನೊಂದೂ ಅರ್ಥವಾಗದೆ, ‘ಹೋಗ್ಲಿ ಬಿಡಮ್ಮ ತಂಗಿ’ ಎಂದರು. ಆ ಮಾತು ಅವರ ಬಾಯಿಂದ ಎಷ್ಟು ಸಲೀಸಾಗಿ ಬಂತು ಎಂದರೆ, ಮರಿಯಪ್ಪನಿಗೆ ತಂಗಿಯಿಲ್ಲ ಎಂಬುದನ್ನು ನಾನೇ ತಪ್ಪಾಗಿ ನಂಬಿದ್ದೆನೇನೋ ಅನ್ನಿಸಿತು.

ಮದುವೆ ಚೆನ್ನಾಗಿ ಆಯಿತು. ಕೇಕೂ ಇತ್ತು. ಸಣ್ಣಪುಟ್ಟ ತೊಂದರೆ ಇಲ್ಲವೆಂದಲ್ಲ. ನಿಧಾನದ ಲೈನು ಬೀದಿ ಪೂರ್ತಿ ಹರಡಿದ್ದರಿಂದ ಎಲ್ಲ ಮನೆಯಲ್ಲೂ ಮರಿಯಪ್ಪನಿಗೆ ಒಬ್ಬೊಬ್ಬ ತಂಗಿ ಹುಟ್ಟಿಕೊಂಡಳು. ಮೂಲೆಮನೆಯಲ್ಲಿ ಒಬ್ಬರೇ ಇರುವ ನಿವೃತ್ತ ಕಂಡಕ್ಟರ್ ಶಿವಣ್ಣನವರೂ ತಂಗಿಯೇ. ಗೌರಿ ಹಬ್ಬಕ್ಕೆ ಬಾಗಿನ ಕೊಡುವಾಗ ಅವರನ್ನು ಬಿಡುವಂತಿಲ್ಲ. ಅವರು ಮೀಸೆ ತಿರುವಿಕೊಂಡೇ ಬಳೆ, ರವಿಕೆ ಕಣ ತೆಗೆದುಕೊಂಡು, ‘ಅಣ್ಣ, ಮುಂದಿನ ಸಲ ಹಸಿರು ಬಣ್ಣದ್ದು ಕೊಡು’ ಎಂದರು. ನಾದಿನಿ ದಿನವೂ ನನ್ನ ಸಾರಿಗೆ ಉಪ್ಪು ಕಡಿಮೆ ಅನ್ನುತ್ತಾರೆ, ಆದರೆ ಎರಡನೇ ಸಲ ಬಡಿಸಿಕೊಳ್ಳದೆ ಎದ್ದದ್ದಿಲ್ಲ. ಯೋಗಾನಂದ ನನ್ನನ್ನು ಆಂಟಿ ಅನ್ನುವುದು ಬಿಟ್ಟು ಅತ್ತೆ ಅನ್ನುತ್ತಾನೆ.

ಸುಚಿತ್ರ ಈಗ ಮಲಗುವುದು ಎದುರುಮನೆಯಲ್ಲಿ. ಆದರೆ ಜೋರಿನ ಲೈನು ಗೋಡೆ ದಾಟುವುದಿಲ್ಲವಲ್ಲ, ಕ್ಲಾಸಿನ ಹೊತ್ತಿಗೆ ಬೀದಿ ದಾಟಿ ಇಲ್ಲಿಗೇ ಬರುತ್ತಾಳೆ. ತನ್ನ ಹಳೆಯ ಕೋಣೆಯಲ್ಲಿ ಕೂತು ಭಿನ್ನರಾಶಿ ಹೇಳುತ್ತಾಳೆ. ಮಧ್ಯೆ ಎಲ್ಲೂ ನಿಲ್ಲುವುದಿಲ್ಲ. ನಾನು ಕಾಫಿ ಕೊಟ್ಟು, ಪರದೆಗೆ ಕಾಣದ ಹಾಗೆ ಬಾಗಿಲ ಮರೆಯಲ್ಲಿ ಸ್ವಲ್ಪ ಹೊತ್ತು ನಿಂತಿರುತ್ತೇನೆ.

ಮೊನ್ನೆ ಇಮ್ತಿಯಾಜ್ ಸಿಕ್ಕಿದ್ದ. ‘ಅಮ್ಮ, ಹೊಸ ಮಾದರಿ ಬಂದಿದೆ. ಜೋರಿನ ಲೈನೂ ಗೋಡೆ ದಾಟುತ್ತೆ. ಪಾಪ, ಮಗಳು ಬಿಸಿಲಲ್ಲಿ ಬೀದಿ ದಾಟಿ ಬರೋದು ತಪ್ಪುತ್ತೆ. ಹಳೇದು ಕೊಟ್ಟು ಹೊಸದು ತಗೊಳ್ಳಿ’ ಎಂದ.

‘ಬೇಡಪ್ಪ’ ಎಂದೆ. ‘ಇದೇ ಸಾಕು.’